ಹೊಳಿ ಓದುವ ವಯಸ್ಸು

ನಮ್ಮ ಕಡೆ ಅರವತ್ತು ದಾಟಿದವರು ಹೊಳಿಗೆ ಹೋಗುವುದು ಪುಣ್ಯಕ್ಕೆ. ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ ಮೊದಲು ಭೀಮೆಯಲ್ಲಿ ಒಂದು ಮುಳುಗು, ಮಳಖೇಡದಲ್ಲಿ ಟೀಕಾಚಾರ್ಯರ ಬೃಂದಾವನಕ್ಕೆ ಹೋಗುವಾಗ ಕಾಗಿಣಾದಲ್ಲಿ ಕಾಲು ತೊಳೆಯುವುದು, ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಸ್ನಾನ. ಅದೂ ಅಲ್ಲವಾದರೆ ತೀರಿಹೋದವರ ಅಸ್ಥಿ ಬಿಡಲು. ಮೊಮ್ಮಕ್ಕಳು ನೀರಿಗಿಳಿದರೆ ದಂಡೆಯ ಮೇಲೆ ಚಪ್ಪಲಿ, ವಾಚು, ಮೊಬೈಲು ಕಾಯುತ್ತ ಕೂಡುವುದು ನಮ್ಮ ಪಾಲಿನ ಕೆಲಸ. ಸೆಳವಿರುವ ನೀರಿನಲ್ಲಿ ಹುಟ್ಟು ಹಾಕುವ ಖುಷಿಗೆಂದೇ ಹೋಗುತ್ತೇನೆ ಅಂತ ಈ ವಯಸ್ಸಿನ ಹೆಂಗಸು ಹೇಳಿದರೆ ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ದನಿ ತಗ್ಗಿಸಿ, “ಯಾಕ್ರಿ ಟೀಚರ್, ಮನ್ಯಾಗ ಏನರ ಆಗ್ಯದೇನು?” ಎಂದು ಕೇಳುತ್ತಾರೆ.

ಮನೆಯಲ್ಲಿ ಏನೂ ಆಗಿಲ್ಲ. ನನಗೆ ನೊರೆನೀರು ಇಷ್ಟ. ಬಂಡೆಗೆ ಬಡಿದು ಬೆಳ್ಳಗಾಗಿ ಮೇಲೇಳುವ ನೀರು, ಅದರ ನಡುವೆ ಕಪ್ಪಗೆ ನಯವಾಗಿ ಇಳಿಯುವ ಒಂದು ದಾರಿ, ಆ ದಾರಿಯನ್ನು ಹುಡುಕಿ ದೋಣಿಯನ್ನು ಅಲ್ಲಿಗೇ ತಂದು ನಿಲ್ಲಿಸುವ ಕೆಲಸ ಇಷ್ಟ. ಇದು ದಾಂಡೇಲಿಯಲ್ಲಿ ಅಮ್ಮನಿಗೆ ಹತ್ತಿದ ಗೀಳು ಎಂದು ಮಕ್ಕಳು ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಹುಟ್ಟಿದ್ದು ಕಾಗಿಣಾ ದಂಡೆಯಲ್ಲೇ.

ತೆಲಂಗಾಣದ ವಿಕಾರಾಬಾದ್ ಕಡೆಯಿಂದ ಹೊರಟ ಕಾಗಿಣಾ ತಾಂಡೂರು ದಾಟಿ ಸೇಡಂ ತಾಲ್ಲೂಕಿಗೆ ಬರುತ್ತದೆ. ಚಿಂಚೋಳಿ ಕಡೆಯಿಂದ ಮುಲ್ಲಾಮಾರಿ ಬಂದು ಕೂಡುತ್ತದೆ, ಬೆಣ್ಣೆತೊರಾ ಕೂಡುತ್ತದೆ. ಮಳಖೇಡದ ಕೋಟೆಯ ಮಗ್ಗುಲಲ್ಲಿ ಹಾದು, ಚಿತ್ತಾಪುರ ತಾಲ್ಲೂಕಿನ ದಂಡೋತಿಯನ್ನು ದಾಟಿ, ಶಹಾಬಾದ್ ಹತ್ತಿರ ಹೊನಗುಂಟಾದಲ್ಲಿ ಭೀಮೆಯೊಳಗೆ ಸೇರಿಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ದಂಡೋತಿ ಸೇತುವೆಯ ಮೇಲೆ ನಿಂತವರಿಗೆ ಕಾಣುವುದು ಬಂಡೆ, ಜಾಲಿ, ಅಲ್ಲೊಂದು ಇಲ್ಲೊಂದು ಹಸಿರುಗಟ್ಟಿದ ಮಡು. ಜೋರು ಮಳೆಯಾದ ವರ್ಷ ಅದೇ ಸೇತುವೆ ಮುಳುಗಿ ರಸ್ತೆ ಕಡಿದುಹೋಗುತ್ತದೆ, ಮಳಖೇಡದ ಮಠದೊಳಗೆ ನೀರು ನುಗ್ಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ, ಭೀಮಾ ಎರಡೂ ಒಟ್ಟಿಗೇ ತುಂಬಿ ಬಂದದ್ದನ್ನು ಇಲ್ಲಿಯವರು ಮರೆತಿಲ್ಲ. ಬರೀ ಕಾಲುವೆ ನೀರು ನೋಡಿ ಬೆಳೆದವರಿಗೆ ಈ ಎರಡು ಮುಖಗಳ ನಡುವಿನ ಅಂತರ ಹೇಳಿದರೆ ನಂಬಿಕೆ ಬರುವುದಿಲ್ಲ.

ಈ ಹೊಳಿಯ ತಳದಲ್ಲಿರುವುದು ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಅದೇ ಫರಸಿ. ಶಹಾಬಾದ್ ಕಲ್ಲೆಂದು ದೇಶಕ್ಕೆಲ್ಲ ಹೋಗುವ ಸುಣ್ಣಕಲ್ಲು, ಪದರು ಪದರಾಗಿ, ಚಪ್ಪಟೆಯಾಗಿ ಮಲಗಿದೆ. ವಾಡಿ, ಶಹಾಬಾದ್‌ಗಳಿಗೆ ಸಿಮೆಂಟ್ ಕಾರ್ಖಾನೆ ಬಂದದ್ದು ಇದರಿಂದ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಚಿತ್ರ ಕೊರೆದು ಕೆಳಗೆ ಅವನ ಹೆಸರು ಬರೆದ ಚಪ್ಪಡಿಗಳೂ ಸುಣ್ಣಕಲ್ಲಿನವೇ. ಹೊಳಿ ಈ ಪದರುಗಳನ್ನು ಅಂಚಿನಿಂದ ಮುರಿಯುತ್ತ ಹೋದಲ್ಲೆಲ್ಲ ಮೆಟ್ಟಿಲು ಬೀಳುತ್ತವೆ. ಒಂದು ಅಡಿ, ಒಂದೂವರೆ ಅಡಿ, ಅಷ್ಟೇ. ಶ್ರಾವಣದಲ್ಲಿ ಮೊಣಕಾಲುದ್ದ ನೀರು ಆ ಮೆಟ್ಟಿಲು ಇಳಿಯುವಾಗ ಮಾಡುವ ಸದ್ದು ನಮ್ಮ ಹಿತ್ತಲಿನವರೆಗೆ ಕೇಳುತ್ತಿತ್ತು. ಆ ಸದ್ದು ದಪ್ಪಗಾದರೆ ಮೇಲೆ ಎಲ್ಲೋ ಮಳೆಯಾಗಿದೆ ಎಂದು ಅವ್ವ ಬಟ್ಟೆ ಒಗೆಯಲು ಹೋದವರನ್ನು ಕೂಗಿ ಕರೆಯುತ್ತಿದ್ದಳು. ಕೆಲವು ಸಲ ಸದ್ದು ಪೂರ್ತಿ ನಿಂತುಬಿಡುತ್ತಿತ್ತು. ಅದು ಇನ್ನೂ ಕೆಟ್ಟದ್ದು. ನೀರು ಏರಿ ಮೆಟ್ಟಿಲುಗಳೇ ಮುಳುಗಿವೆ ಎಂದರ್ಥ.

ಈಜು ಕಲಿತದ್ದು ಬಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ಹೆಣ್ಣುಮಕ್ಕಳಿಗೆ ಯಾಕೆ ಎಂದವರು ಇದ್ದರು. ಹೊಳಿ ದಂಡೆಯ ಊರಲ್ಲಿ ಈಜು ಬಾರದ ಮಗುವನ್ನು ಬೆಳೆಸಲಾರೆ ಎಂದು ಅಪ್ಪ ಅವರ ಮಾತು ಕೇಳಲಿಲ್ಲ. ಬಾವಿ ಮುಗಿದ ಮೇಲೆ ಹೊಳಿ. ನಿಂತ ನೀರಿಗೂ ಹರಿವ ನೀರಿಗೂ ಇರುವ ವ್ಯತ್ಯಾಸ ನನ್ನ ಮೈಗೆ ತಿಳಿದದ್ದು ಮೊದಲ ದಿನವೇ. ಬಾವಿಯಲ್ಲಿ ಕೈ ಬೀಸಿದಷ್ಟು ಮುಂದೆ ಹೋಗುತ್ತೇವೆ. ಹೊಳಿಯಲ್ಲಿ ಕೈ ಬೀಸುವ ಮೊದಲೇ ನೀರು ಒಂದು ದಿಕ್ಕು ಹಿಡಿದಿರುತ್ತದೆ.

ನಮ್ಮೂರಿನಿಂದ ಆಚೆ ದಂಡೆಗೆ ಆಗ ಹರಿಗೋಲೇ ಗತಿ. ಬಿದಿರಿನ ಬುಟ್ಟಿ, ಹೊರಗೆ ಡಾಂಬರು ಬಳಿದ ತಟ್ಟು. ಹಿಂದೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರಂತೆ. ಅದನ್ನು ನಡೆಸುತ್ತಿದ್ದ ಅಂಬಿಗರ ಅಜ್ಜ ನನಗೆ ಕಂಡಾಗಿನಿಂದ ಮುದುಕನೇ. ತೋಳುಗಳು ಒಣಗಿ ಕಡ್ಡಿಯಾಗಿದ್ದವು. ಬೇಸಿಗೆಯಲ್ಲಿ ಅವನ ಮಗನೂ ಹುಟ್ಟು ಹಾಕುತ್ತಿದ್ದ. ಮಳೆಗಾಲದಲ್ಲಿ ಮಾತ್ರ ಅಜ್ಜನೇ ಬೇಕು, ಅವನಿಲ್ಲದಿದ್ದರೆ ಜನ ಹತ್ತುತ್ತಿರಲಿಲ್ಲ. ತುಂಬಿದ ಹೊಳಿಯ ಮುಂದೆ ಅವನು ಬೀಡಿ ಮುಗಿಯುವವರೆಗೂ ಕೂತು ನೋಡುತ್ತಿದ್ದ. ಒಂದು ಜೋಳದ ದಂಟು ಮುರಿದು ನೀರಿಗೆ ಎಸೆದು ಅದು ಯಾವ ಕಡೆ ಸರಿಯಿತು, ಎಲ್ಲಿ ನಿಂತು ತಿರುಗಿತು, ಎಲ್ಲಿ ಮತ್ತೆ ಓಡಿತು ಎಂದು ಕಣ್ಣಲ್ಲೇ ಹಿಂಬಾಲಿಸುತ್ತಿದ್ದ. ಆಮೇಲೆ ಹರಿಗೋಲನ್ನು ಬೆನ್ನ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆಯುತ್ತಿದ್ದ, ನಾವೆಲ್ಲ ಚೀಲ ಹೊತ್ತು ಹಿಂದೆ. ಇಲ್ಲೇ ಇಳಿಯೋಣ ಅಂತ ಯಾರಾದರೂ ಅವಸರ ಮಾಡಿದರೆ, “ಇನ್ನಾ ಮ್ಯಾಲ ಹೋಗಬೇಕು. ಇಲ್ಲಿ ಇಳಿದ್ರ ಗುಡಿ ಮುಟ್ಟಂಗಿಲ್ಲ” ಎನ್ನುತ್ತಿದ್ದ. ಆಚೆ ದಂಡೆಯ ಹಣಮಂದೇವರ ಗುಡಿ ನಮಗೆ ಎದುರಿಗೇ ಕಾಣುತ್ತಿತ್ತು. ಅವನು ಅದರ ಕಡೆ ಮುಖ ಮಾಡುತ್ತಲೇ ಇರಲಿಲ್ಲ. ಓರೆಯಾಗಿ, ಮೇಲಿನ ಒಂದು ಬೇವಿನ ಮರದ ಕಡೆ ಹುಟ್ಟು ಹಾಕುತ್ತಿದ್ದ. ಹೊಳಿ ನಮ್ಮನ್ನು ಕೆಳಗೆ ಎಳೆದೊಯ್ಯುತ್ತಿತ್ತು, ಹರಿಗೋಲು ಸರಿಯಾಗಿ ಗುಡಿಯ ಮೆಟ್ಟಿಲಿಗೇ ಬಂದು ಹತ್ತುತ್ತಿತ್ತು.

ಈ ಗುಂಡು ದೋಣಿಯ ವಿಷಯದಲ್ಲಿ ನನಗೊಂದು ಹೆಮ್ಮೆ ಇದೆ. ಸುಮಾರು 1520ರಲ್ಲಿ ವಿಜಯನಗರ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಹರಿಗೋಲು ಕಂಡು ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತದೆ ಎಂದು. ತಿರುಗುವುದು ನಿಜ. ಅದನ್ನು ತಿರುಗಲು ಬಿಟ್ಟೂ ಬೇಕಾದಲ್ಲಿ ಮುಟ್ಟಿಸುವುದು ಅಂಬಿಗನ ವಿದ್ಯೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ನಿಷ್ಠುರ ಮಾತಿನ ವಚನಕಾರ ಈ ಕಸುಬಿನಿಂದ ಬಂದದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಸೆಳವಿನ ನಡುವೆ ಹುಟ್ಟು ಹಿಡಿದವನಿಗೆ ಮಾತು ಸುತ್ತಿ ಬಳಸಿ ಆಡಲು ಪುರುಸೊತ್ತಿಲ್ಲ. ಇನ್ನೂ ಹಿಂದೆ ಹೋದರೆ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆ ಹೇಳುವುದು ಕಾವೇರಿ, ಗೋದಾವರಿ ಎಂಬ ಎರಡು ನದಿಗಳಿಂದ. ಆ ಮಾನ್ಯಖೇಟವೇ ನಮ್ಮ ಮಳಖೇಡ, ಇದೇ ಕಾಗಿಣಾ ದಂಡೆ. ತರಗತಿಯಲ್ಲಿ ಈ ಪಾಠ ಮಾಡುವಾಗೆಲ್ಲ ಮಕ್ಕಳಿಗೆ ನಾನು ಹೊಳಿಯ ಹೆಸರನ್ನು ಒತ್ತಿ ಹೇಳುತ್ತಿದ್ದೆ.

ಮದುವೆಯಾಯಿತು, ನೌಕರಿಯಾಯಿತು, ಸೇತುವೆಗಳಾದವು. ಹರಿಗೋಲು ದಂಡೆಯ ಮೇಲೆ ಮಗುಚಿ ಬಿದ್ದು ಗೆದ್ದಲು ಹಿಡಿಯಿತು. ಚಿತ್ತಾಪುರದ ಶಾಲೆ, ಶಹಾಬಾದ್‌ನ ಮನೆ, ನಡುವೆ ಬಸ್ಸು. ಹೊಳಿ ಬಸ್ಸಿನ ಕಿಟಕಿಯಿಂದ ಕಾಣುವ ಸಂಗತಿಯಾಯಿತು. ನಿವೃತ್ತಿಯಾದ ಮೇಲೆ ಹುಬ್ಬಳ್ಳಿಯಲ್ಲಿರುವ ಮಗಳು ದಾಂಡೇಲಿಗೆ ಹೋಗೋಣ ಎಂದಳು. ಅಳಿಯ, ಮೊಮ್ಮಗ ರಾಫ್ಟಿಂಗ್ ಮಾಡುವುದು, ಅಮ್ಮ ರೆಸಾರ್ಟಿನಲ್ಲಿ ಮಂಗಟ್ಟೆ ಹಕ್ಕಿ ನೋಡುತ್ತ ಕೂಡುವುದು, ಇದು ಅವರ ಏರ್ಪಾಡು.

ಕಾಳಿ ನದಿಯ ನೊರೆನೀರು ಮಳೆಯನ್ನು ನಂಬಿಕೊಂಡಿಲ್ಲ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಅದರ ಬುಡದಲ್ಲಿ 50 ಮೆಗಾವಾಟ್‌ನ ಎರಡು ಯಂತ್ರಗಳು. ಹಳೆಯ ಸೂಪಾ ಊರು ಆ ನೀರಿನಡಿ ಮಲಗಿದೆ, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಗಿದೆ. ನಮ್ಮ ಮನೆಗಳಲ್ಲಿ ಫ್ಯಾನು ತಿರುಗಿಸಲು ಯಂತ್ರ ಚಾಲೂ ಮಾಡಿದಾಗ ಜಲಾಶಯದ ನೀರು ಕೆಳಗೆ ಬರುತ್ತದೆ, ಬಂಡೆಗಳ ನಡುವೆ ಹೊಳೆ ಎದ್ದು ನಿಲ್ಲುತ್ತದೆ. ಹೀಗಾಗಿ ಮಳೆ ನಿಂತು ತಿಂಗಳಾದ ಮೇಲೂ, ನಮ್ಮ ಕಡೆ ಹೊಳಿಯಲ್ಲಿ ದನ ನಡೆದಾಡುವ ಕಾಲದಲ್ಲಿ, ಕಾಳಿ ಮೈದುಂಬಿ ಹರಿಯುತ್ತಿರುತ್ತದೆ. ನೊರೆನೀರಿನ ಕಷ್ಟವನ್ನು ಜಗತ್ತಿನಲ್ಲೆಲ್ಲ ಒಂದರಿಂದ ಆರರವರೆಗೆ ಅಳೆಯುತ್ತಾರೆ. ಒಂದು ಎಂದರೆ ಸಣ್ಣ ಅಲೆ, ಆರು ಎಂದರೆ ಜೀವದ ಆಸೆ ಬಿಟ್ಟು ಇಳಿಯುವಂಥದ್ದು. ಕಾಳಿಯ ಈ ಭಾಗ ಎರಡು, ಮೂರರ ದರ್ಜೆಯದು. ಅಲೆ ಎದೆ ಮಟ್ಟಕ್ಕೆ ಏಳುತ್ತದೆ, ಬಂಡೆ ತಪ್ಪಿಸಬೇಕು, ಆದರೆ ಬಿದ್ದರೆ ಕೆಳಗೆ ಮಡು ಇದೆ.

ಮೊದಲು ಹೋದ ಕಡೆ ವಯಸ್ಸು ಕೇಳಿ ಆಗುವುದಿಲ್ಲ ಎಂದರು. ರಕ್ತದೊತ್ತಡ ಕೇಳಲಿಲ್ಲ, ಈಜು ಬರುತ್ತದೆಯೇ ಎಂದು ಕೇಳಲಿಲ್ಲ, ಹುಟ್ಟಿದ ವರ್ಷ ಒಂದನ್ನೇ ಕೇಳಿದರು. ಆ ಮಾತು ನನಗೆ ನೋವು ಮಾಡಿತು, ಈಗಲೂ ಮಾಡುತ್ತದೆ. ಎರಡನೆಯ ಕಡೆಯ ಗೈಡ್, ಉತ್ತರ ಕನ್ನಡದ ಹುಡುಗ, ಮಾತ್ರೆ ಏನು ತಗೋತೀರಿ, ಭುಜ ಎಂದಾದರೂ ಜಾರಿದೆಯಾ, ಮೊಣಕಾಲು ಮಡಿಚಲು ಬರುತ್ತದಾ, ನೀರಿಗೆ ಬಿದ್ದರೆ ಗಾಬರಿಯಾಗುತ್ತೀರಾ ಎಂದು ಒಂದೊಂದೇ ಕೇಳಿದ. ವೈದ್ಯರನ್ನು ಕೇಳಿಕೊಂಡೇ ಬಂದಿದ್ದೆ. ಎಲ್ಲಕ್ಕೂ ಉತ್ತರ ಹೇಳಿದೆ. ಮಡುವಿನಲ್ಲಿ ಜಾಕೆಟ್ ತೊಡಿಸಿ ಬೆನ್ನ ಮೇಲೆ ತೇಲಿಸಿ ನೋಡಿದ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿದ. “ನೀವು ಎಡಗಡೆ ಎರಡನೇ ಜಾಗ ಕೂತ್ಕೊಳ್ಳಿ” ಎಂದ. ವಯಸ್ಸಾದವರನ್ನು ಹೇಗೆ ವಿಚಾರಿಸಬೇಕು ಎಂಬುದನ್ನು ಅವನಿಂದ ಕಲಿಯಬೇಕು.

ರಾಫ್ಟಿನ ಅಂಚಿನ ಉಬ್ಬಿದ ಟ್ಯೂಬಿನ ಮೇಲೆ ಕೂತು, ಒಂದು ಪಾದವನ್ನು ಮುಂದಿನ ಅಡ್ಡ ಟ್ಯೂಬಿನಡಿ ತುರುಕಬೇಕು. ದೋಣಿಗೆ ನಾವು ಅಂಟಿಕೊಂಡಿರುವುದು ಆ ಪಾದದಿಂದಲೇ. ಹುಟ್ಟಿನ ತುದಿಯ ಅಡ್ಡ ಹಿಡಿಯ ಮೇಲೆ ಒಂದು ಕೈ ಸದಾ ಇರಬೇಕು, ಅದು ಬಿಟ್ಟುಹೋದರೆ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ಮೊದಲ ರ‍್ಯಾಪಿಡ್ ಬರುವ ಮುನ್ನ ನೀರು ನಿಶ್ಶಬ್ದವಾಯಿತು. ಮುಂದೆ ಹೊಳೆ ಕಡಿದುಹೋದಂತೆ ಒಂದು ಗೆರೆ, ಗೆರೆಯ ಆಚೆ ಬೆಳ್ಳಗೆ ಹನಿಗಳು ಹಾರುತ್ತಿವೆ. ಗೈಡ್ ರಾಫ್ಟನ್ನು ಬದಿಗೆ ತಂದು ತೋರಿಸಿದ. ಎರಡು ಬಂಡೆಗಳ ನಡುವೆ ನುಗ್ಗುವ ನೀರು ಕೆಳಗೆ ಹೋಗುತ್ತ ಹೋಗುತ್ತ ಇಕ್ಕಟ್ಟಾಗಿ, ತುದಿ ಕೆಳಮುಖವಾದ ಬಾಣದ ಆಕಾರ ತಾಳುತ್ತದೆ. ಕಪ್ಪು, ನಯ, ಒಂದೂ ನೊರೆಯಿಲ್ಲ. ಅದು ದಾರಿ. ಬಾಣದ ತುದಿ ನಮ್ಮ ಕಡೆ, ಮೇಲ್ಮುಖವಾಗಿ ಇದ್ದರೆ ಆ ತುದಿಯಡಿ ಬಂಡೆ ಅಡಗಿದೆ, ನೀರು ಅದಕ್ಕೆ ಬಡಿದು ಇಬ್ಬಾಗವಾಗುತ್ತಿದೆ. ಅಲ್ಲಿಗೆ ಹೋಗಬಾರದು. ದೊಡ್ಡ ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ಮೆಲ್ಲಗೆ ತಿರುಗುತ್ತದೆ. ಅದು ತಂಗುವ ಜಾಗ, ಅಲ್ಲಿಗೆ ದೋಣಿ ಹೊಗಿಸಿ ಉಸಿರು ತೆಗೆದುಕೊಳ್ಳಬಹುದು.

ಗೈಡ್ ಹೇಳುತ್ತಿದ್ದುದು ಹೊಸ ಭಾಷೆಯಲ್ಲಿ, ಹೇಳಿದ್ದು ಮಾತ್ರ ಅಂಬಿಗರ ಅಜ್ಜನ ಜೋಳದ ದಂಟು ತೋರಿಸಿದ್ದನ್ನೇ. ದಂಟು ನಿಂತು ತಿರುಗುತ್ತಿದ್ದುದು ಬಂಡೆಯ ಹಿಂದೆ. ಸರ್ರನೆ ಓಡುತ್ತಿದ್ದುದು ಈ ಕಪ್ಪು ನಾಲಿಗೆಯ ಮೇಲೆ. ಅಷ್ಟು ವರ್ಷ ನಾನು ನೋಡಿ ನೋಡಿ ಕಣ್ಣಿಗೆ ಕಟ್ಟಿಕೊಂಡಿದ್ದಕ್ಕೆ ಆ ಹೊತ್ತು ಅರ್ಥ ಬಂತು, ಮೈ ಝುಮ್ಮೆಂದಿತು.

“ಫಾರ್ವರ್ಡ್!” ಎಂದು ಕೂಗಿದ. ಹುಟ್ಟು ಮುಳುಗಿತು, ರಾಫ್ಟಿನ ಮೂತಿ ಗೆರೆಯ ಮೇಲೆ ಬಂತು, ಬಾಗಿತು. ಕಪ್ಪು ನೀರಿನ ಇಳಿಜಾರಿನಲ್ಲಿ ಒಂದು ಕ್ಷಣ ಸದ್ದೇ ಇರಲಿಲ್ಲ. ತಳದ ಅಲೆ ಎದೆಗೆ, ಮುಖಕ್ಕೆ, ಬಾಯಿಗೆ ಒಟ್ಟಿಗೇ ಬಂತು. ಜಲಾಶಯದ ಆಳದ ನೀರು, ಬಿಸಿಲಿನಲ್ಲೂ ತಣ್ಣಗೆ ಕೊರೆಯುತ್ತಿತ್ತು. ಹುಟ್ಟು ಗಾಳಿಯಲ್ಲಿ ಆಡಬಾರದು, ನೀರು ಸಿಗುವವರೆಗೆ ಚಾಚಬೇಕು ಎಂದು ಹೇಳಿದ್ದು ನೆನಪಿತ್ತು. ಚಾಚಿದೆ, ಸಿಕ್ಕಿತು, ಎಳೆದೆ. ದೋಣಿ ಮುಂದೆ ಹೋದದ್ದು ನನ್ನ ಸೊಂಟಕ್ಕೆ ತಿಳಿಯಿತು. ನನ್ನ ಬಾಯಿಂದ ಹೊರಟ ಕೂಗನ್ನು ಮಗಳು ಇಂದಿಗೂ ಮನೆಗೆ ಬಂದವರ ಮುಂದೆ ಮಾಡಿ ತೋರಿಸುತ್ತಾಳೆ. ಬಾವಿಯ ಕಟ್ಟೆಯಿಂದ ಮೊದಲ ಸಲ ಜಿಗಿದಾಗ ಕೂಗಿದ ಮೇಲೆ ಹಾಗೆ ನಾನು ಕೂಗಿರಲಿಲ್ಲ.

ಮುಂದೊಂದು ರ‍್ಯಾಪಿಡ್‌ನಲ್ಲಿ ಬಿದ್ದೆ. ಅಲೆ ಬದಿಯಿಂದ ಬಡಿದು ಪಾದ ಕಳಚಿತು. ನೀರಿಗೆ ಬಿದ್ದವರು ಬೆನ್ನ ಮೇಲೆ ಮಲಗಿ, ಕಾಲು ಮುಂದೆ, ಬೆರಳುಗಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಬಂಡೆ ಬಂದರೆ ಕಾಲಿನಿಂದ ಒದೆಯಬಹುದು. ಎಷ್ಟೇ ಆಸೆಯಾದರೂ ನಿಲ್ಲಲು ಹೋಗಬಾರದು. ತಳದ ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ನೀರು ಮೈಯನ್ನು ಮುಂದಕ್ಕೆ ಮಡಿಚಿ ಒತ್ತಿ ಹಿಡಿಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಯಾವ ಪೈಲ್ವಾನನೂ ಎದುರು ನಿಲ್ಲಲಾರ. ನಾನು ಮಲಗಿದೆ. ಆಕಾಶ, ಬಿದಿರು, ಮತ್ತೆ ಅಲೆ, ಮತ್ತೆ ಆಕಾಶ. ಅಲೆ ಇಳಿದಾಗ ಉಸಿರು, ಏರಿದಾಗ ಬಾಯಿ ಮುಚ್ಚುವುದು. ರಾಫ್ಟ್ ಹತ್ತಿರ ಬಂದಾಗ ಗೈಡ್ ಜಾಕೆಟ್ಟಿನ ಎರಡೂ ಭುಜದ ಪಟ್ಟಿ ಹಿಡಿದು, ಒಮ್ಮೆ ಕೆಳಗೆ ಅದ್ದಿ, ಅದೇ ಪುಟಿತದಲ್ಲಿ ಎಳೆದು ಒಳಗೆ ಹಾಕಿಕೊಂಡ. ಮಗಳು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಆ ಅಲೆಗಳ ನಡುವೆ ಮನಸ್ಸು ಇದ್ದಷ್ಟು ತಿಳಿಯಾಗಿ ಎಷ್ಟೋ ವರ್ಷಗಳಿಂದ ಇರಲಿಲ್ಲ.

ವಯಸ್ಸಾದ ಮೇಲೆ ಇದೆಲ್ಲ ಶಕ್ತಿಯಿದ್ದವರಿಗೆ ಎಂದು ಜನ ಹೇಳುತ್ತಾರೆ. ರಾಫ್ಟಿನಲ್ಲಿ ನನ್ನ ಹಿಂದೆ ಕೂತಿದ್ದ ಕಾಲೇಜು ಹುಡುಗರು ತೋಳಿನಿಂದ ಹುಟ್ಟು ಎಳೆದು ಅರ್ಧ ದಾರಿಗೇ ಸುಸ್ತಾದರು. ಹುಟ್ಟಿನ ಬಲ ತೋಳಿನದಲ್ಲ. ಜೋಳದ ರೊಟ್ಟಿ ಬಡಿಯುವವಳ ಅಂಗೈ ಮಾತ್ರ ಕಾಣುತ್ತದೆ, ಬಡಿಯುವುದು ಅವಳ ಸೊಂಟ ಮತ್ತು ಬೆನ್ನು, ಹುಟ್ಟಿನದೂ ಹಾಗೆಯೇ. ಮೈ ತಿರುಗಿಸಿ, ಕೈ ನೀಳವಾಗಿ ಇಟ್ಟು, ಬೆನ್ನಿನಿಂದ ಎಳೆದರೆ ಸಣ್ಣ ತೋಳಿಗೂ ದೋಣಿ ಓಗೊಡುತ್ತದೆ. ಇನ್ನು ನೊರೆನೀರಿನಲ್ಲಿ ಬಹಳಷ್ಟು ಹೊತ್ತು ಹುಟ್ಟು ಹಾಕುವುದೇ ಬೇಡ. ಯಾವಾಗ ಹಾಕಬೇಕು ಎಂಬುದು ಮುಖ್ಯ. ಮೊದಲೇ ಕೋನ ಸರಿಮಾಡಿಕೊಂಡರೆ ಎರಡು ಎಳೆತ ಸಾಕು. ತಡಮಾಡಿದರೆ ಇಪ್ಪತ್ತು ಎಳೆತವೂ ಸಾಲದು. ನನ್ನ ಕೈ ಮೊದಲಿನಷ್ಟು ಚುರುಕಿಲ್ಲ ಎಂದು ನನಗೆ ಗೊತ್ತು, ಅದಕ್ಕೇ ಮುಂದಿನ ಬಂಡೆಯನ್ನು ಉಳಿದವರಿಗಿಂತ ಮೊದಲು ನೋಡುತ್ತೇನೆ. ಅಂಬಿಗರ ಅಜ್ಜ ಅಷ್ಟು ಹೊತ್ತು ಕೂತು ನೋಡುತ್ತಿದ್ದುದು ಯಾಕೆಂದು ಈಗ ತಿಳಿಯುತ್ತದೆ. ಮಗನ ತೋಳಿನಲ್ಲಿ ಬಲ ಇದ್ದೂ ಜನ ತಂದೆಗಾಗಿ ಕಾಯುತ್ತಿದ್ದರಲ್ಲ, ಅವರು ಕಾಯುತ್ತಿದ್ದುದು ಆ ಕಣ್ಣಿಗಾಗಿ.

ಇಲ್ಲದ್ದನ್ನು ಇದೆ ಎಂದು ನಾನು ಹೇಳುವುದಿಲ್ಲ. ಮೊಣಕೈಯನ್ನು ಭುಜಕ್ಕಿಂತ ಮೇಲೆ ಎತ್ತಿದ್ದಾಗ ಹುಟ್ಟಿಗೆ ನೀರು ಬಡಿದರೆ ಭುಜ ಕೀಲು ತಪ್ಪುತ್ತದೆ, ನಮ್ಮ ವಯಸ್ಸಿನಲ್ಲಿ ಅದು ಮತ್ತೆ ಕೂಡುವುದು ತಡ. ಮೂಳೆ ಸವೆದವರು, ಎದೆನೋವು ಇದ್ದವರು, ಕಡಿವಾಣವಿಲ್ಲದ ರಕ್ತದೊತ್ತಡದವರು ದರ್ಜೆ ಮೂರರ ನೀರಿಗೆ ಹೋಗಬಾರದು. ಬಿದ್ದ ಮೇಲೆ ಸ್ವಂತ ಬಲದಿಂದ ರಾಫ್ಟ್ ಹತ್ತುವುದು ನನ್ನಿಂದ ಆಗುವುದಿಲ್ಲ, ಎಳೆದುಕೊಳ್ಳುವವರು ಬೇಕು. ಕಯಾಕ್‌ನ ಇಕ್ಕಟ್ಟಿನ ಒಳಗೆ ಸೊಂಟ ಸಿಕ್ಕಿಸಿ ಕೂಡುವುದು ಮೊಣಕಾಲಿಗೆ ಹಿಡಿಸದೆ ಅದನ್ನು ಬಿಟ್ಟೆ. ರಾಫ್ಟ್ ನನಗೆ ಒಗ್ಗಿದೆ. ಹೋಗುವ ತಿಂಗಳುಗಳಲ್ಲಿ ಬೆಳಗ್ಗೆ ನೆಲದ ಮೇಲೆ ಕೂತು ಬಡಿಗೆ ಹಿಡಿದು ಮೈ ತಿರುಗಿಸುತ್ತೇನೆ, ಕುರ್ಚಿಯಿಂದ ಕೈ ಊರದೆ ಏಳುವುದನ್ನು ಮಾಡುತ್ತೇನೆ. ಬೇರೆ ತಯಾರಿ ಏನೂ ಇಲ್ಲ.

ಹೊರಗಿನ ದೇಶಗಳಲ್ಲಿ ಹುಡುಕಿದಾಗ ನನಗೊಬ್ಬ ಹಿರಿಯಕ್ಕ ಸಿಕ್ಕಳು. ಜಾರ್ಜಿ ಕ್ಲಾರ್ಕ್, 1910ರಲ್ಲಿ ಹುಟ್ಟಿದ ಅಮೆರಿಕದ ಹೆಂಗಸು. 1944ರಲ್ಲಿ ಹದಿಹರೆಯದ ಒಬ್ಬಳೇ ಮಗಳು ಸೈಕಲ್ ಮೇಲೆ ಹೋಗುವಾಗ ವಾಹನ ಬಡಿದು ತೀರಿಕೊಂಡಳು. ಮರುವರ್ಷ ಜಾರ್ಜಿ ಗೆಳೆಯನೊಬ್ಬನ ಜೊತೆ ಬರೀ ಲೈಫ್ ಜಾಕೆಟ್ ತೊಟ್ಟು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಕೊಲೊರಾಡೊ ನದಿಗೆ ಧುಮುಕಿ, ಸೆಳವಿನ ಜೊತೆ ಮೈಲುಗಟ್ಟಲೆ ತೇಲಿದಳು. ಅದರ ಮುಂದಿನ ವರ್ಷ ಮತ್ತೆ ಹೋದಳು. ಆಮೇಲೆ ಸೈನ್ಯ ಬಿಟ್ಟುಕೊಟ್ಟ ರಬ್ಬರ್ ದೋಣಿಗಳನ್ನು ಜೋಡಿಸಿ ಕಟ್ಟಿ, ಜನರನ್ನು ಕೂರಿಸಿಕೊಂಡು ಆ ನದಿಯಲ್ಲಿ ದಶಕಗಳ ಕಾಲ ಇಳಿದಳು, ಎಂಬತ್ತನೆಯ ವಯಸ್ಸಿನವರೆಗೂ ಚುಕ್ಕಾಣಿ ಅವಳ ಕೈಯಲ್ಲೇ ಇತ್ತು. 1992ರಲ್ಲಿ ತೀರಿಕೊಂಡಳು. ಮಗಳನ್ನು ಕಳೆದುಕೊಂಡ ತಾಯಿ ನೀರಿಗೆ ಬೀಳುವುದು ನಮ್ಮಲ್ಲಿ ಬೇರೆಯದೇ ಕಥೆ. ಎಷ್ಟೋ ಬಾವಿಗಳು ಆ ಕಥೆ ಹೇಳುತ್ತವೆ. ಇವಳು ನೀರಿಗೆ ಬಿದ್ದು ಬದುಕಿದಳು. ಅವಳ ಫೋಟೊವನ್ನು ಮೊಮ್ಮಗ ನನಗೆ ಪ್ರಿಂಟ್ ತೆಗೆಸಿ ಕೊಟ್ಟಿದ್ದಾನೆ.

ಇಷ್ಟು ಓದಿದವರು ಕೇಳಬಹುದು: ಹಾಗಾದರೆ ಕಾಗಿಣಾ ತುಂಬಿ ಬಂದಾಗ ಇಲ್ಲೇ ಇಳಿಯಬಾರದೇ, ಅಷ್ಟು ದೂರ ಯಾಕೆ? ಸೇಡಂನ ನನ್ನ ಹಳೆಯ ವಿದ್ಯಾರ್ಥಿಗಳು ಕೇಳಿದ್ದಾರೆ ಕೂಡ. ದಯವಿಟ್ಟು ಇಳಿಯಬೇಡಿ. ನಮ್ಮ ಹೊಳಿಗಳಿಗೆ ಅಡ್ಡಲಾಗಿ ಬ್ಯಾರೇಜುಗಳಿವೆ, ತಗ್ಗು ಸೇತುವೆಗಳಿವೆ. ಸನ್ನತಿಯಲ್ಲಿ ಭೀಮೆಗೆ ಬ್ಯಾರೇಜೂ ಸೇತುವೆಯೂ ಒಂದೇ. ಇಂಥ ಗೋಡೆಯ ಮೇಲೆ ನೀರು ಒಂದೇ ಸಮನಾಗಿ ಧುಮುಕಿದಾಗ ಅದರ ಬುಡದಲ್ಲಿ ನೀರು ಸುರುಳಿ ಸುತ್ತುತ್ತದೆ. ಮೇಲ್ಮೈಯ ನೀರು ಮುಂದೆ ಹರಿಯುವ ಬದಲು ಹಿಂದಕ್ಕೆ, ಗೋಡೆಯ ಕಡೆಗೇ ಬರುತ್ತದೆ. ಸಿಕ್ಕವನನ್ನು ಗೋಡೆಗೆ ಎಳೆದು, ಅದ್ದಿ, ಮೇಲೆತ್ತಿ, ಮತ್ತೆ ಎಳೆಯುತ್ತದೆ. ಲೈಫ್ ಜಾಕೆಟ್ ಇದ್ದರೂ ಬಿಡುವುದಿಲ್ಲ. ಸಹಜವಾದ ಬಂಡೆಗಳ ನಡುವೆ ನೀರಿಗೆ ಎಲ್ಲೋ ಒಂದು ಕಡೆ ಹೊರದಾರಿ ಇರುತ್ತದೆ. ದಂಡೆಯಿಂದ ದಂಡೆಗೆ ಸಮನಾದ ಗೋಡೆಯಲ್ಲಿ ಅದು ಇಲ್ಲ. ಮೇಲಿನಿಂದ ನೋಡಿದರೆ ಎರಡು ಅಡಿಯ ಸಣ್ಣ ಇಳಿತ, ಸದ್ದೂ ಕಡಿಮೆ. ಕಾಳಿಯ ಎದೆಮಟ್ಟದ ಅಲೆಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಎರಡು ಅಡಿ. ಅದರ ಜೊತೆ ಮುಳ್ಳುತಂತಿ, ಬುಡಮೇಲಾದ ಜಾಲಿಮರ, ಕಲ್ಲಿನ ಖಣಿಗಳ ಕಡಿದಾದ ಅಂಚು. ಖಣಿಯಲ್ಲಿ ನಿಂತ ನೀರನ್ನು ಈಜುಕೊಳ ಎಂದು ತಿಳಿದು ಇಳಿಯುವ ಹುಡುಗರಿಗೂ ಇದೇ ಮಾತು: ಅಲ್ಲಿ ಹತ್ತಲು ಮೆಟ್ಟಿಲಿಲ್ಲ, ಕಾಲಿಗೆ ತಳ ಸಿಗುವುದಿಲ್ಲ.

ನಮ್ಮ ಕಡೆಗೆ ಒಗ್ಗುವುದು ನಿಂತ ನೀರಿನ ಹುಟ್ಟು. ಚಿಂಚೋಳಿಯ ಕಾಡಿನೊಳಗೆ ಚಂದ್ರಂಪಳ್ಳಿ ಜಲಾಶಯವಿದೆ. ಸುತ್ತ ಗುಡ್ಡ, ತೇಗ, ಕಮರ, ಮಳೆಗಾಲ ಮುಗಿದ ಮೇಲೆ ಬಿಸಿಲು ಹದವಾದಾಗ ಅಲ್ಲಿಯ ನೀರು ಹಸಿರು ಗಾಜು. ಅದು ವನ್ಯಜೀವಿಧಾಮದ ಪ್ರದೇಶ, ಅಲ್ಲಿ ಗದ್ದಲದ ಮೋಟಾರು ಬೋಟು ಬರಬಾರದು ಎಂದೇ ನನ್ನ ಅಭಿಪ್ರಾಯ. ಹುಟ್ಟಿನ ದೋಣಿಗೆ, ಹರಿಗೋಲಿಗೆ ಸದ್ದಿಲ್ಲ. ಅರಣ್ಯ ಇಲಾಖೆಯ ಅನುಮತಿಯಿಂದ, ಲೈಫ್ ಜಾಕೆಟ್ ಕೊಟ್ಟು, ನಮ್ಮ ಭೀಮಾ ದಂಡೆಯ ಅಂಬಿಗರ ಮಕ್ಕಳನ್ನೇ ಗೈಡ್ ಮಾಡಿ, ಅರವತ್ತು ದಾಟಿದವರಿಗೆ ಬೆಳಗಿನ ಎರಡು ತಾಸು ಇಟ್ಟರೆ ಎಷ್ಟು ಚೆಂದ! ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಯುವಕರಿಗೆ ಜಲಸಾಹಸ ಕಲಿಸುತ್ತದೆ. ಹಿರಿಯರಿಗೂ ಒಂದು ಶಿಬಿರ ನಡೆಸಬೇಕೆಂದು ಅರ್ಜಿ ಬರೆದಿಟ್ಟಿದ್ದೇನೆ, ಸಹಿಗಳು ಕೂಡುತ್ತಿವೆ. ವಾಡಿಯ ನಿವೃತ್ತ ರೈಲ್ವೆ ನೌಕರರ ಕಟ್ಟೆಯಲ್ಲಿ ಮೊನ್ನೆ ಅದನ್ನು ಓದಿದಾಗ ಹಿರಿಯರೊಬ್ಬರು ಎದ್ದು, “ನಾನೂ ಸಣ್ಣವಿದ್ದಾಗ ಹರಗೋಲ ಹಾಕಿದವನೇ” ಎಂದು ತೋಳು ಮಡಿಚಿ ತೋರಿಸಿದರು.

ಮಳೆಗಾಲ ಮುಗಿದು ಕಾಳಿಯಲ್ಲಿ ರಾಫ್ಟಿಂಗ್ ಶುರುವಾದ ಮೇಲೆ ಈ ಸಲ ನಾನೊಬ್ಬಳೇ ಹೋಗುತ್ತಿಲ್ಲ. ಸೇಡಂನ ನನ್ನ ನಾದಿನಿ ಬರುತ್ತಾಳೆ, ಚಿತ್ತಾಪುರದ ಶಾಲೆಯ ಇಬ್ಬರು ಸಹೋದ್ಯೋಗಿಗಳು ಬರುತ್ತಾರೆ. ಒಬ್ಬರಿಗೆ ವೈದ್ಯರು ದರ್ಜೆ ಒಂದರ ನೀರು ಸಾಕು ಎಂದಿದ್ದಾರೆ. ಅವರು ಕೆಳಗಿನ ಸಮತಟ್ಟಿನ ಭಾಗದಲ್ಲಿ ಹತ್ತಿಕೊಳ್ಳುತ್ತಾರೆ. ನಾದಿನಿಗೆ ಈಜು ಬರುವುದಿಲ್ಲ. ಅದಕ್ಕೆ ಅವಳು ಈಗ ದಿನಾ ನಸುಕಿಗೇ ಎದ್ದು ಕಲಬುರಗಿಗೆ ಹೋಗಿ ಈಜುಕೊಳದಲ್ಲಿ ತೇಲುವುದನ್ನು ಕಲಿಯುತ್ತಿದ್ದಾಳೆ. ಸೀರೆ ಬಿಟ್ಟು ಟ್ರ್ಯಾಕ್ ಪ್ಯಾಂಟ್ ತೊಡಲು ಒಪ್ಪಿಸಲು ತಿಂಗಳು ಹಿಡಿಯಿತು, ತೇಲಲು ವಾರ ಸಾಕಾಯಿತು. ನಿನ್ನೆ ರಾತ್ರಿ ಫೋನ್ ಮಾಡಿ ಬೆನ್ನ ಮೇಲೆ ಮಲಗುವುದು ಬಂತು, ಕಾಲು ಮುಂದೆ ಇಡುವುದೂ ಬಂತು, ಇನ್ನು ಹುಟ್ಟು ಹಿಡಿಯುವುದು ಯಾವಾಗ ಕಲಿಸುತ್ತೀ ಎಂದು ಕೇಳಿದಳು. ಭಾನುವಾರ ಬಾ, ಬಡಿಗೆ ತಗೊಂಡು ಬಾ ಎಂದಿದ್ದೇನೆ.